ರೇಡಿಯೋ ಥರ ಹಾಡ್ಲಾ, ನಮ್ ಥರ ಹಾಡ್ಲಾ?

ಓದು ಮುಗಿಯುವ ವರ್ಷ ನಾವು ಮೂವರು ಒಂದು ಸಮುದಾಯ ಬಾನುಲಿಗಾಗಿ ಸೋಬಾನೆ ಪದಗಳನ್ನು ರೆಕಾರ್ಡ್ ಮಾಡಲು ಮಂಡ್ಯ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆವು. ಜಗಲಿಯ ಮೇಲೆ ಅಜ್ಜಿಯನ್ನು ಕೂರಿಸಿ, ಕೋಳಿಗಳನ್ನು ಅತ್ತ ಓಡಿಸಿ, ಪಕ್ಕದ ಮನೆಯ ಮಿಕ್ಸಿ ನಿಲ್ಲಿಸಲು ಕೇಳಿಕೊಂಡು, ರೆಕಾರ್ಡರ್ ಗುಂಡಿ ಒತ್ತಿದೆವು. ಅಜ್ಜಿ ಬಾಯಿ ತೆರೆಯುವ ಮೊದಲು ಒಂದು ಪ್ರಶ್ನೆ ಕೇಳಿದರು: "ರೇಡಿಯೋ ಥರ ಹಾಡ್ಲಾ, ನಮ್ ಥರ ಹಾಡ್ಲಾ ಮಗ?"

ನಾವು ನಕ್ಕೆವು. ಎರಡೂ ಹಾಡಿ ಅಜ್ಜಿ ಅಂದೆವು. ಅವರು ಎರಡೂ ಹಾಡಿದರು. ಅದೇ ಪದ, ಅದೇ ಧಾಟಿ. 'ರೇಡಿಯೋ ಥರ' ಹಾಡುವಾಗ ದನಿ ಗಂಟಲಿಂದ ಇಳಿದು ಮೂಗಿನ ಹತ್ತಿರ ಬಂತು, ಸಾಲಿನ ಕೊನೆ ನಿಧಾನವಾಗಿ ಕರಗಿತು, ಮುಖದಲ್ಲಿ ಒಂದು ಬಗೆಯ ಸಂಕೋಚ ಕಂಡಿತು. 'ನಮ್ ಥರ' ಹಾಡುವಾಗ ಬೀದಿಯ ಆ ತುದಿಯಿಂದ ಇನ್ನೊಬ್ಬ ಅಜ್ಜಿ ಸೊಲ್ಲು ಕೂಡಿಸಿದರು. ನಮ್ಮ ಮೀಟರ್ ಮುಳ್ಳು ಕೆಂಪು ದಾಟಿ ಅಲ್ಲೇ ನಿಂತುಬಿಟ್ಟಿತು.

ಅಂದಿನಿಂದ ಆ ಪ್ರಶ್ನೆ ನಮ್ಮ ತಲೆಯಲ್ಲಿದೆ. ಮೆಲ್ಲಗೆ ಹಾಡುವುದು, ನವಿರಾಗಿ ಹಾಡುವುದು ಎನ್ನುವುದಕ್ಕೆ ಆ ಅಜ್ಜಿ ಇಟ್ಟ ಹೆಸರು 'ರೇಡಿಯೋ ಥರ'. ಭಾವಗೀತೆ, ದೇವರನಾಮ, ವಚನ, ಹಳೆಯ ಸಿನಿಮಾ ಹಾಡು, ರಾತ್ರಿ ಹೊತ್ತಿನ ಕೊಳಲು ಇವೆಲ್ಲ ಬೇರೆ ಬೇರೆ ಜಾತಿಯ ಸಂಗೀತ. ಆದರೂ ರೇಡಿಯೋದಲ್ಲಿ ಕೇಳಿ ಬೆಳೆದವರಿಗೆ ಅವುಗಳಲ್ಲಿ ಒಂದೇ ಮನೆಯ ವಾಸನೆ. ಆ ವಾಸನೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಬರೀ ಹಾಡುಗಾರರ ಕಥೆಯಲ್ಲ. ಮೈಕು, ನಿಷೇಧ, ಮಂತ್ರಿಯೊಬ್ಬರ ಸಿಟ್ಟು, ತಿಂಗಳ ಸಂಬಳ ಎಲ್ಲವೂ ಅದರಲ್ಲಿವೆ.

ಮೊದಲು ಮೈಕಿನ ಮಾತು. ರೇಡಿಯೋಗೆ ಮುಂಚೆ ನಮ್ಮ ಕಡೆ ಜನ ಸೇರುವಲ್ಲಿ ಹಾಡುವುದೆಂದರೆ ದನಿ ಎಸೆಯುವುದು. ಬಯಲಾಟದ ಭಾಗವತ, ಹರಿಕಥೆಯ ದಾಸರು, ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಯ ನಟರು ಎಲ್ಲರೂ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೆ ಕೇಳುವಂತೆ ಹಾಡಬೇಕಿತ್ತು. ಕಾಲಲ್ಲಿ ಒತ್ತುವ ಹಾರ್ಮೋನಿಯಂ ಜೊತೆಗೆ ಪೈಪೋಟಿ ಬೇರೆ. ಹೊಲದಲ್ಲಿ ನಾಟಿ ಹಾಡುವ ಹೆಂಗಸರಿಗೂ ಅಷ್ಟೇ, ಈ ಗದ್ದೆಯ ಸೊಲ್ಲಿಗೆ ಆ ಗದ್ದೆಯವರು ಉತ್ತರ ಕೊಡಬೇಕು. ಮೆಲ್ಲಗೆ ಹಾಡುವುದು ಇರಲಿಲ್ಲವೆಂದಲ್ಲ. ತೊಟ್ಟಿಲ ಹತ್ತಿರ ಇತ್ತು, ಬೀಸುಕಲ್ಲಿನ ಮುಂದೆ ಇತ್ತು, ತಂಬೂರಿ ಹಿಡಿದು ಒಬ್ಬನೇ ಕೂತ ತತ್ವಪದದವನ ಹತ್ತಿರ ಇತ್ತು. ಆದರೆ ಅದು ಸಭೆಗೆ ಬರುತ್ತಿರಲಿಲ್ಲ. ತೊಟ್ಟಿಲ ಪಕ್ಕದ ದನಿಯನ್ನು ಹಾಗೇ ಎತ್ತಿ ಸಾವಿರ ಮನೆಗೆ ತಲುಪಿಸಬಹುದೆಂದು ಮೊದಲು ತೋರಿಸಿದ್ದು ಸ್ಟುಡಿಯೋದ ಮೈಕು. ಅಲ್ಲಿ ದನಿ ಎಸೆದರೆ ತಪ್ಪು. ಹಾಡುವವರು ಒಂದು ಅಡಿ ದೂರದಲ್ಲಿ ಕೂತ ಯಾರಿಗೋ ಹೇಳಿದಂತೆ ಹಾಡಬೇಕು.

ನಮ್ಮ ನಾಡಿನಲ್ಲಿ ಆ ಮೈಕು ಮೊದಲು ಬಂದದ್ದು ಒಬ್ಬ ಮೇಷ್ಟರ ಮನೆಗೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿಕೊಡುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ 30 ವಾಟಿನ ಪ್ರಸಾರಕವೊಂದನ್ನು ಇಟ್ಟುಕೊಂಡು ಬಾನುಲಿ ಶುರು ಮಾಡಿದರು. 30 ವಾಟ್ ಎಂದರೆ ಹಳೆಯ ಕಾಲದ ಒಂದು ಸಣ್ಣ ಬಲ್ಬಿನಷ್ಟು ಶಕ್ತಿ. ಆಮೇಲೆ 250 ವಾಟಿನದು ಬಂತು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೂ ಅಲ್ಲೇ. ಅದನ್ನು ಸೂಚಿಸಿದವರು ನಾ. ಕಸ್ತೂರಿ ಎಂದು ಹೇಳುತ್ತಾರೆ. ಮುಂದೆ 1957ರಲ್ಲಿ ಇಡೀ ದೇಶದ ಬಾನುಲಿ ಆ ಹೆಸರನ್ನು ಹೊತ್ತುಕೊಂಡಿತು. ಮೇಷ್ಟರ ಮನೆಯ ನಿಲಯ ಆಮೇಲೆ ಸಂಸ್ಥಾನದ ಕೈಗೆ ಹೋಯಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೋದ ಕೈಗೆ ಬಂತು, 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಮೈಸೂರಿಗೆ ತನ್ನದೇ ನಿಲಯ ಮತ್ತೆ ಸಿಕ್ಕಿದ್ದು 1974ರಲ್ಲಿ. ಇತ್ತ ಆಗಿನ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡದಲ್ಲಿ 1950ರಲ್ಲೇ ನಿಲಯ ತೆರೆದಿತ್ತು. ಭದ್ರಾವತಿ, ಕಲಬುರಗಿ, ಮಂಗಳೂರು ಆಮೇಲೆ ಬಂದವು.

ನಮ್ಮ ಎರಡು ಮೊದಲ ನಿಲಯಗಳೂ ಆಲ್ ಇಂಡಿಯಾ ರೇಡಿಯೋದ ಛತ್ರಿಯ ಕೆಳಗೆ ಬಂದಾಗ ಅಲ್ಲಿ ಒಂದು ವಿಚಿತ್ರ ನಿಯಮ ಆಗಲೇ ಹತ್ತು ವರ್ಷ ಹಳೆಯದಾಗಿತ್ತು. ಹಾರ್ಮೋನಿಯಂಗೆ ಪ್ರವೇಶವಿಲ್ಲ. ಲಯನೆಲ್ ಫೀಲ್ಡನ್ ಎಂಬ ಬ್ರಿಟಿಷ್ ಅಧಿಕಾರಿ ಮುಖ್ಯಸ್ಥರಾಗಿದ್ದಾಗ, 1940ರ ಮಾರ್ಚ್‌ನಲ್ಲಿ ಬಂದ ನಿಷೇಧ ಅದು. ಹಾರ್ಮೋನಿಯಂನ ಸ್ವರಗಳು ಕಟ್ಟಿಟ್ಟವು, ನಮ್ಮ ಗಮಕ, ಮೀಂಡು, ಶ್ರುತಿಭೇದಗಳು ಅದರಲ್ಲಿ ಬರುವುದಿಲ್ಲ ಎಂಬುದು ವಾದ. ರವೀಂದ್ರನಾಥ ಟ್ಯಾಗೋರರಿಗೂ ಆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತು ವರ್ಷ! ಉತ್ತರ ಕರ್ನಾಟಕದಲ್ಲಿ ನಾಟಕವೂ ಭಜನೆಯೂ ಪೇಟಿ ಇಲ್ಲದೆ ನಡೆಯುತ್ತಿರಲಿಲ್ಲ. ಬೆಳಗಾವಿಯಲ್ಲಿ ರಾಮಭಾವು ಬಿಜಾಪುರೆಯವರಂಥ ಹಾರ್ಮೋನಿಯಂ ಪಂಡಿತರಿದ್ದರು. ಅಂಥ ಸೀಮೆಯ ನಿಲಯದಲ್ಲಿ ಪೇಟಿಗೆ ಬಾಗಿಲು ಮುಚ್ಚಿತ್ತು ಎನ್ನುವುದು ಈಗ ಯೋಚಿಸಿದರೆ ಅನ್ಯಾಯವೇ. ಪೇಟಿ ಮಾಸ್ತರರ ಒಂದು ಇಡೀ ತಲೆಮಾರಿಗೆ ಸರ್ಕಾರಿ ಬಾನುಲಿಯಲ್ಲಿ ತಮ್ಮ ವಾದ್ಯ ನುಡಿಸುವ ಅವಕಾಶ ಇರಲಿಲ್ಲ.

ಆದರೆ ಆ ಅನ್ಯಾಯದ ಇನ್ನೊಂದು ಫಲ ನಮ್ಮ ಕಿವಿಯಲ್ಲಿ ಉಳಿದಿದೆ ಎಂದು ನಮಗನ್ನಿಸುತ್ತದೆ. ಹಾಡಿನ ಹಿಂದೆ ಸತತವಾಗಿ ಗಾಳಿ ತುಂಬಿಕೊಂಡು ಕೂಗುವ ವಾದ್ಯ ಹೋದಾಗ ಆ ಜಾಗಕ್ಕೆ ತಂಬೂರಿ, ಪಿಟೀಲು, ಕೊಳಲು, ವೀಣೆ, ಸಾರಂಗಿ ಬಂದವು. ಇವು ಹಾಡುವವರ ದನಿಯನ್ನು ಮುಚ್ಚುವುದಿಲ್ಲ, ದನಿಯ ಬೆನ್ನಿಗೆ ನಿಲ್ಲುತ್ತವೆ. ಆಗಿನ ಭಾವಗೀತೆಗಳಲ್ಲಿ ಎರಡು ಚರಣಗಳ ನಡುವೆ ಕೊಳಲೋ ಪಿಟೀಲೋ ಒಂದು ಸಣ್ಣ ಎಳೆ ತೆಗೆದು ಬಿಡುವುದಿದೆಯಲ್ಲ, ಆ ಅಭ್ಯಾಸಕ್ಕೆ ಈ ನಿಷೇಧವೂ ಒಂದು ಕಾರಣವಿರಬೇಕು. ರುಜುವಾತು ಕೊಡಿ ಎಂದರೆ ಕೊಡಲಾರೆವು. ಕಂಪನಿ ನಾಟಕದ ಹಳೆಯ ಗ್ರಾಮಫೋನ್ ತಟ್ಟೆಯನ್ನೂ ಅರವತ್ತರ ದಶಕದ ಬಾನುಲಿ ಧಾಟಿಯ ಭಾವಗೀತೆಯನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ, ಅಷ್ಟೇ.

ಇನ್ನು ಮಂತ್ರಿಯ ಸಿಟ್ಟು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಸ್ವತಃ ಶಾಸ್ತ್ರೀಯ ಸಂಗೀತ ಬಲ್ಲವರು. ಸಿನಿಮಾ ಹಾಡೆಂದರೆ ಅವರಿಗೆ ಅಲರ್ಜಿ. ಅದರ ಪಾಲನ್ನು ಕತ್ತರಿಸುತ್ತಾ ಹೋದರು, ನಿರ್ಮಾಪಕರ ಜೊತೆ ಜಗಳವಾಯಿತು, ಕೊನೆಗೆ ಆಕಾಶವಾಣಿಯಲ್ಲಿ ಹಿಂದಿ ಸಿನಿಮಾ ಹಾಡೇ ನಿಂತುಹೋಯಿತು. ಕೇಳುಗರು ಸುಮ್ಮನೆ ಕೂರಲಿಲ್ಲ, ಮುಳ್ಳು ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು. 1952ರ ಕೊನೆಯಲ್ಲಿ ಅಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಶುರುವಾಯಿತು. ಒಂದು ಟೂತ್‌ಪೇಸ್ಟ್ ಕಂಪನಿಯ ಕಾರ್ಯಕ್ರಮದ ಮುಂದೆ ಭಾರತ ಸರ್ಕಾರ ಸೋತಿತು. ಐದು ವರ್ಷದ ನಂತರ, 1957ರ ಅಕ್ಟೋಬರ್ 3ರಂದು, ಆಕಾಶವಾಣಿ 'ವಿವಿಧ ಭಾರತಿ' ತೆರೆದು ಸಿನಿಮಾ ಹಾಡನ್ನು ಮರ್ಯಾದೆಯಾಗಿ ಮನೆಗೆ ಕರೆದುಕೊಂಡಿತು.

ಈ ಕಥೆಯನ್ನು ಎಲ್ಲರೂ ಮಂತ್ರಿಯ ಸೋಲೆಂದೇ ಹೇಳುತ್ತಾರೆ. ನಾವೂ ತರಗತಿಯಲ್ಲಿ ಹಾಗೇ ಕಲಿತೆವು. ಆದರೆ ಆ ಐದು ವರ್ಷದ ನಡುವೆ ಇನ್ನೊಂದು ಕೆಲಸ ನಡೆಯಿತು. ಸಿನಿಮಾ ಹಾಡಿನ ಜಾಗ ತುಂಬಲು ಏನಾದರೂ ಬೇಕಿತ್ತಲ್ಲ. ಶಾಸ್ತ್ರೀಯದಷ್ಟು ಭಾರವಿಲ್ಲದ, ಸಿನಿಮಾದಷ್ಟು 'ಅಗ್ಗ'ವಲ್ಲದ ಒಂದು ಬಗೆಯನ್ನು ನಿಲಯಗಳೇ ತಯಾರಿಸಬೇಕು ಎಂದಾಯಿತು. ಅದಕ್ಕೆ ಘಟಕಗಳಾದವು, ಅದಕ್ಕೊಂದು ಹೆಸರಾಯಿತು: ಸುಗಮ ಸಂಗೀತ. ಸುಗಮ ಎಂದರೆ ಸುಲಭವಾಗಿ ನಡೆಯುವ ದಾರಿ. ಯಾವ ಊರಿನಲ್ಲೂ ಯಾವ ಹಾಡುಗಾರನೂ ತನ್ನ ಹಾಡಿಗೆ ಈ ಹೆಸರು ಕೊಟ್ಟುಕೊಂಡಿರಲಿಲ್ಲ. ಕಡತದಿಂದ ಬಂದ ಹೆಸರು. ಹಿಂದಿಯಲ್ಲಿ ಆ ಪ್ರಯತ್ನ ಸಿನಿಮಾ ಹಾಡಿನ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕನ್ನಡದಲ್ಲಿ ಮಾತ್ರ ಅದು ಬೇರು ಬಿಟ್ಟಿತು. ಬೇರು ಬಿಡಲು ಇಲ್ಲಿ ಮಣ್ಣು ಮೊದಲೇ ಹದವಾಗಿತ್ತು, ಏಕೆಂದರೆ ಕವಿತೆಗಳು ಸಿದ್ಧವಿದ್ದವು.

'ಭಾವಗೀತೆ' ಎಂಬ ಪದವನ್ನೇ ನೋಡಿ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಬಂದು ಹೊಸ ಕಾವ್ಯಕ್ಕೆ ದಾರಿ ಮಾಡಿದ ಮೇಲೆ, ಕವಿಯ ಸ್ವಂತ ಭಾವವನ್ನು ಹೇಳುವ ಚಿಕ್ಕ ಪದ್ಯಕ್ಕೆ ವಿಮರ್ಶಕರು ಬಳಸಿದ ಪದ ಅದು. ಪುಸ್ತಕದಲ್ಲಿ ಓದುವಂಥದ್ದು. ಇವತ್ತು ಯಾವುದೇ ಊರಲ್ಲಿ 'ಭಾವಗೀತೆ ಬರುತ್ತಾ?' ಎಂದು ಕೇಳಿದರೆ ಜನ ಹಾಡುತ್ತಾರೆಯೇ ಹೊರತು ಓದುವುದಿಲ್ಲ. ಪದದ ಅರ್ಥವೇ ಪುಸ್ತಕದಿಂದ ಗಂಟಲಿಗೆ ಜಾರಿತು. ಅದನ್ನು ಜಾರಿಸಿದವರಲ್ಲಿ ಮೊದಲಿಗರು ಪಿ. ಕಾಳಿಂಗರಾಯರು. ದಕ್ಷಿಣ ಕನ್ನಡದಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಪಳಗಿ, ಸಿನಿಮಾಕ್ಕೂ ಸಂಗೀತ ಕೊಟ್ಟವರು. ಕುವೆಂಪು, ಬೇಂದ್ರೆಯವರ ಪದ್ಯಗಳನ್ನೂ ಜನಪದ ಹಾಡುಗಳನ್ನೂ ಒಂದೇ ವೇದಿಕೆಗೆ ತಂದರು. ಅವರ ಜೊತೆ ಮೋಹನಕುಮಾರಿ, ಸೋಹನಕುಮಾರಿ ದನಿಗೂಡಿಸುತ್ತಿದ್ದರು. ಕಾಳಿಂಗರಾಯರ ದನಿಯಲ್ಲಿ ಇನ್ನೂ ನಾಟಕದ ಎದೆ ಇದೆ. ಅವರ ನಂತರದ ಮೈಸೂರು ಅನಂತಸ್ವಾಮಿಯವರಲ್ಲಿ ಮೈಕಿಗೆ ಹತ್ತಿರ ಕೂತ ದನಿ ಬರುತ್ತದೆ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಕೇಳಿದರೆ ನಾವು ಹೇಳುತ್ತಿರುವ ಬದಲಾವಣೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಇಲ್ಲಿ ಸಂಬಳದ ಮಾತು ಬರಬೇಕು. ಹಾಡು ಕಟ್ಟುವವರಿಗೆ ತಿಂಗಳ ಕೊನೆಗೆ ದುಡ್ಡು ಕೊಟ್ಟ ಸಂಸ್ಥೆ ಆಗ ಬಾನುಲಿಯೇ. ನಿಲಯ ಕಲಾವಿದರು ಎಂಬ ವರ್ಗವಿತ್ತು: ಪಿಟೀಲು, ಕೊಳಲು, ತಬಲಾ, ವೀಣೆ ನುಡಿಸುವವರು, ಸಂಗೀತ ಸಂಯೋಜಿಸುವವರು. ವೀಣೆ ದೊರೆಸ್ವಾಮಿ ಅಯ್ಯಂಗಾರ್, ಆರ್.ಕೆ. ಶ್ರೀಕಂಠನ್ ಅಂಥ ವಿದ್ವಾಂಸರು ಬೆಂಗಳೂರು ನಿಲಯದ ನೌಕರರು. ಶ್ರೀಕಂಠನ್ ಅವರ ಸಂಗೀತ ಪಾಠ 'ಗಾನವಿಹಾರ' ಕೇಳಿ ಎಷ್ಟೋ ಮನೆಗಳಲ್ಲಿ ಹುಡುಗಿಯರು ಕೀರ್ತನೆ ಕಲಿತರು. ಎಚ್.ಕೆ. ನಾರಾಯಣ ಬಾನುಲಿಯಲ್ಲಿದ್ದುಕೊಂಡೇ ಭಾವಗೀತೆಗಳಿಗೆ ಧಾಟಿ ಹಾಕಿದರು. ಇಂಥವರ ನಡುವೆ ಬೆಳೆದ ಹಾಡುಗಾರಿಕೆಗೆ ಹೊರಗಿನಿಂದ ಬಂದು ಸೇರಿದವರೂ ಇದ್ದರು. ಸಿ. ಅಶ್ವತ್ಥ್ ಟೆಲಿಫೋನ್ ಕಾರ್ಖಾನೆಯ ನೌಕರ, ಶಿವಮೊಗ್ಗ ಸುಬ್ಬಣ್ಣ ವಕೀಲ. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಂಡು ಹಾಡಿದವರು ಇವರು. ಬಾನುಲಿಯ ಹದಿನೈದು ನಿಮಿಷದ ಅವಧಿ, ಅದರಲ್ಲಿ ಮೂರೋ ನಾಲ್ಕೋ ಪದ್ಯ, ಮೊದಲೇ ಬರೆದುಕೊಟ್ಟ ಪಟ್ಟಿ, ಧ್ವನಿಪರೀಕ್ಷೆ ಪಾಸಾದ ಮೇಲೆ ಸಿಗುವ 'ಬಿ', 'ಬಿ ಹೈ', 'ಎ' ಶ್ರೇಣಿ ಇವೆಲ್ಲ ಕೂಡಿ ಹಾಡಿನ ಉದ್ದವನ್ನೂ ನಡಿಗೆಯನ್ನೂ ಗೊತ್ತು ಮಾಡಿದವು. ನಾಲ್ಕು ನಿಮಿಷ ಮೀರಿದ ಆಲಾಪಕ್ಕೆ ಜಾಗವಿಲ್ಲ, ತಾಳ ಹಾರಿಸಿ ಕುಣಿಸುವುದಕ್ಕೂ ಇಲ್ಲ.

ಧಾಟಿ ಹಾಕುವವರ ಕೈಯಲ್ಲಿ ಇನ್ನೊಂದು ಅಧಿಕಾರವೂ ಇತ್ತು, ಅದನ್ನು ಯಾರೂ ಕೊಟ್ಟದ್ದಲ್ಲ. ಯಾವ ಕವಿ ಹಳ್ಳಿಗೆ ಗೊತ್ತಾಗಬೇಕು ಎಂಬುದನ್ನು ಅವರೇ ನಿರ್ಧರಿಸಿದರು. ಕೆ.ಎಸ್. ನರಸಿಂಹಸ್ವಾಮಿ, ಜಿ.ಎಸ್. ಶಿವರುದ್ರಪ್ಪ, ನಿಸಾರ್ ಅಹಮದ್, ಲಕ್ಷ್ಮೀನಾರಾಯಣ ಭಟ್ಟ ಇವರ ಪುಸ್ತಕ ಮುಟ್ಟದವರಿಗೂ ಇವರ ಸಾಲು ಗೊತ್ತು. ಗೋಪಾಲಕೃಷ್ಣ ಅಡಿಗರು 'ಮೋಹನ ಮುರಳಿ'ಯ ಮೂಲಕ ಗೊತ್ತು, 'ಭೂಮಿಗೀತ'ದ ಅಡಿಗರು ಕಾಲೇಜು ಮೆಟ್ಟಿಲು ಹತ್ತಿದವರಿಗೆ ಮಾತ್ರ. ಒರಟಾದ, ಸಿಟ್ಟಿನ, ಪ್ರಾಸ ಬಿಟ್ಟ ಕವಿತೆ ನವಿರು ಧಾಟಿಗೆ ಒಗ್ಗಲಿಲ್ಲ. ಅದು ಕವಿತೆಯ ತಪ್ಪಲ್ಲ.

ಧಾರವಾಡದ ದಾರಿ ಸ್ವಲ್ಪ ಬೇರೆ. ಅಲ್ಲಿ ದ.ರಾ. ಬೇಂದ್ರೆಯವರೇ 1956ರಿಂದ ಹತ್ತು ವರ್ಷ ನಿಲಯದ ಸಲಹೆಗಾರರು. ಸಂಗೀತಕ್ಕೆ ಮಲ್ಲಿಕಾರ್ಜುನ ಮನಸೂರ ಸಲಹೆಗಾರರು. ಒಂದೇ ಕಟ್ಟಡದಲ್ಲಿ ಈ ಇಬ್ಬರು ಓಡಾಡಿಕೊಂಡಿದ್ದರು ಎಂದರೆ ಈಗಿನ ನಮ್ಮಂಥವರಿಗೆ ಹೊಟ್ಟೆಕಿಚ್ಚು. ಖಯಾಲಿನ ಮನಸೂರರು ವಚನ ಹಾಡಿದರು, ಬಸವರಾಜ ರಾಜಗುರುಗಳು ವಚನವನ್ನೂ ನಾಟ್ಯಗೀತೆಯನ್ನೂ ಹಾಡಿದರು. ಅಲ್ಲಿ 'ಸುಗಮ' ಎಂಬುದು ಹಿಂದುಸ್ತಾನಿಯ ಅಂಗಳದಲ್ಲೇ ಆಡಿದ ಮಗು. ಮೈಸೂರು ಸೀಮೆಯ ಭಾವಗೀತೆ ಸಿನಿಮಾ ಧಾಟಿಗೆ ಹತ್ತಿರ ಸರಿದಷ್ಟು ಅದು ಸರಿಯಲಿಲ್ಲ. ನಮ್ಮ ಬಳಗದಲ್ಲಿ ಹಾವೇರಿ, ಗದಗ ಕಡೆಯವರು ಇದನ್ನು ಪ್ರತಿ ಸಲ ಎತ್ತಿ ಆಡುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ ಎಂದು ಹಳೆ ಮೈಸೂರಿನ ನಾವು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇವೆ.

ನವಿರುತನಕ್ಕೆ ಯಂತ್ರವೂ ಕಾರಣ ಎಂಬುದು ನಮಗೆ ತಡವಾಗಿ ಹೊಳೆಯಿತು. ಆಗ ಕೇಳುತ್ತಿದ್ದದ್ದು ಮಧ್ಯಮ ತರಂಗ. ಅದರಲ್ಲಿ ಒಂದೊಂದು ನಿಲಯಕ್ಕೂ ಸಿಗುವ ಓಣಿ ಕಿರಿದು, ಹೆಚ್ಚುಕಡಿಮೆ 5000 ಹರ್ಟ್ಸ್‌ಗಿಂತ ಮೇಲಿನ ಚೂಪು ದನಿಗಳು ಅದರಲ್ಲಿ ದಾಟುವುದಿಲ್ಲ. ಎಫ್‌ಎಂನಲ್ಲಿ 15000ದವರೆಗೂ ದಾಟುತ್ತವೆ. ತಾಳದ ಕಿಣಿಕಿಣಿ, ಸಕಾರದ ಸೀಟಿ, ತಂತಿಯ ಕೊರೆತ ಮಧ್ಯಮ ತರಂಗದಲ್ಲಿ ಸವೆದುಹೋಗಿ, ಮನುಷ್ಯನ ಗಂಟಲಿನ ನಡುವಿನ ಭಾಗ ಮಾತ್ರ ದುಂಡಗೆ ಉಳಿಯುತ್ತದೆ. ಜೊತೆಗೆ ಮರ್ಫಿ, ಬುಷ್ ಪೆಟ್ಟಿಗೆಗಳ ಮರದ ಮೈ. ಕರ್ನಾಟಕ ಸಂಗೀತದ ಕೃತಿಯಾಗಲಿ, ಸಿನಿಮಾ ಹಾಡಾಗಲಿ, ರಾತ್ರಿ ಬೆಂಗಳೂರಿನಿಂದ ಬರುತ್ತಿದ್ದ ಪಾಶ್ಚಾತ್ಯ ಸಂಗೀತವಾಗಲಿ, ಎಲ್ಲಕ್ಕೂ ಒಂದೇ ಕಂಬಳಿ ಹೊದಿಸಿದಂತೆ. ನಾವು ಮೊದಲಿಗೆ ಹೇಳಿದ 'ಒಂದೇ ಮನೆಯ ವಾಸನೆ' ಅರ್ಧ ಇದೇ.

ರಾತ್ರಿಗೆ ಇನ್ನೊಂದು ಕಾರಣ. ಹಗಲಿನಲ್ಲಿ ವಾತಾವರಣದ ಮೇಲಿನ ವಿದ್ಯುತ್ ಪದರಗಳಲ್ಲಿ ಕೆಳಗಿನದು ಮಧ್ಯಮ ತರಂಗವನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇರುವುದಿಲ್ಲ, ಅಲೆ ಇನ್ನೂ ಮೇಲಿನ ಪದರಕ್ಕೆ ತಗುಲಿ ನೂರಾರು ಮೈಲಿ ಆಚೆ ಇಳಿಯುತ್ತದೆ. ಹಾಗಾಗಿ ದೂರದ ನಿಲಯಗಳು ಹಳ್ಳಿಗೆ ಬರುತ್ತಿದ್ದದ್ದು ರಾತ್ರಿ, ಅದೂ ಅಲೆಅಲೆಯಾಗಿ, ಒಮ್ಮೆ ಹತ್ತಿರ ಒಮ್ಮೆ ದೂರ. ವಿವಿಧ ಭಾರತಿ ರಾತ್ರಿ ಹತ್ತಕ್ಕೆ 'ಛಾಯಾಗೀತ್' ಇಟ್ಟದ್ದು, ಅಲ್ಲಿ ಉದ್ಘೋಷಕರು ಪಿಸುದನಿಯಲ್ಲಿ ಮಾತಾಡಿದ್ದು ಈ ಕತ್ತಲಿಗೆ ಸರಿಹೊಂದಿತು. ಊಟ ಮುಗಿದಿದೆ, ದನಕ್ಕೆ ಹುಲ್ಲು ಹಾಕಿ ಆಗಿದೆ, ದೀಪ ಸಣ್ಣ ಮಾಡಿದೆ. ಜೋರು ಹಾಡು ಯಾರಿಗೂ ಬೇಡ.

ಕೇಳುಗರಿಗೆ ಪ್ರಕಾರದ ಗೋಡೆ ಇರಲಿಲ್ಲ. ನಿಲಯದ ಕಾರ್ಯಕ್ರಮ ಪಟ್ಟಿಯಲ್ಲಿ ಶಾಸ್ತ್ರೀಯ, ಸುಗಮ, ಜಾನಪದ, ಚಿತ್ರಗೀತೆ ಎಂದು ಖಾನೆಗಳು. ಮನೆಯಲ್ಲಿ ಅವೆಲ್ಲ ಒಂದರ ಹಿಂದೆ ಒಂದು ಬರುವ ಹೊತ್ತುಗಳು. ಚಿಂತನ ಮುಗಿದ ಮೇಲೆ ದೇವರನಾಮ, ಪ್ರದೇಶ ಸಮಾಚಾರ ಮುಗಿದ ಮೇಲೆ ಹಾಡು, ಕೃಷಿರಂಗದ ನಡುವೆ ಒಂದು ಜನಪದ ಗೀತೆ. ಪಂಚಾಯ್ತಿ ಕಟ್ಟೆಯ ರೇಡಿಯೋಗಂತೂ ಆಯ್ಕೆಯೇ ಇಲ್ಲ, ಬಂದದ್ದು ಕೇಳಬೇಕು. ಸ್ವಂತ ರೇಡಿಯೋ ಇದ್ದವರು ವರ್ಷ ವರ್ಷ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಒತ್ತಿಸಬೇಕಿತ್ತು. ದುಡ್ಡು ಕಟ್ಟಿದ ಮೇಲೆ ಆಫ್ ಮಾಡುತ್ತಾರೆಯೇ? ಹೀಗೆ ಆರಿಸದೆ ಕೇಳಿದ್ದರಿಂದಲೇ ರಾಗದ ಹೆಸರು ಗೊತ್ತಿಲ್ಲದ ರೈತನ ಕಿವಿಗೆ ಶಿವರಂಜಿನಿ ಗೊತ್ತಿತ್ತು. ಬೆಳಿಗ್ಗೆ ನಿಲಯ ತೆರೆಯುವ ಮುನ್ನ ಬರುವ ಆಕಾಶವಾಣಿಯ ಸಂಕೇತ ಧ್ವನಿ ಆ ರಾಗದ್ದು. ಅದನ್ನು ಕಟ್ಟಿದವರು ಹಿಟ್ಲರನ ಕಾಟಕ್ಕೆ ಯುರೋಪು ಬಿಟ್ಟು ಮುಂಬಯಿಗೆ ಬಂದಿದ್ದ ವಾಲ್ಟರ್ ಕೌಫ್‌ಮನ್ ಎಂಬ ಯೆಹೂದಿ ಸಂಗೀತಗಾರ.

ಈಗ ಅಜ್ಜಿಯ ಪ್ರಶ್ನೆಗೆ ಮರಳಬೇಕು. ಈ ನವಿರು ಯಾರನ್ನು ಹೊರಗಿಟ್ಟಿತು? ಬಾನುಲಿ ಜನಪದ ಹಾಡನ್ನು ಬಿಟ್ಟಿರಲಿಲ್ಲ. ಹಳ್ಳಿಯ ತಂಡಗಳನ್ನು ಕರೆಸಿತು, ಸಂಭಾವನೆ ಕೊಟ್ಟಿತು, ಎಷ್ಟೋ ಹಾಡು ಉಳಿದದ್ದು ಅದರಿಂದಲೇ. ಆದರೆ ನಮ್ಮ ಮನಸ್ಸಿನಲ್ಲಿ 'ಜನಪದ ಗೀತೆ' ಎಂದು ಕೂತಿರುವುದು ಹೆಚ್ಚಾಗಿ ಶಾಸ್ತ್ರ ಕಲಿತ ಗಾಯಕಿಯರು ಪಿಟೀಲು ಕೊಳಲಿನ ಜೊತೆ, ಶುದ್ಧ ಉಚ್ಚಾರದಲ್ಲಿ, ನಾಲ್ಕು ನಿಮಿಷಕ್ಕೆ ಹಾಡಿದ್ದು. ಸೋಬಾನೆ ಪದದಲ್ಲಿ ಬೀಗರನ್ನು ಬಯ್ಯುವ ಸೊಲ್ಲುಗಳಿವೆ, ಸ್ಟುಡಿಯೋದಲ್ಲಿ ಅವು ಉದುರಿದವು. ಹಿಂದಿನ ಸೊಲ್ಲು ಮುಗಿಯುವ ಮೊದಲೇ ಮುಂದಿನವರು ಎತ್ತಿಕೊಳ್ಳುವ ಗಡಿಬಿಡಿ ಇದೆ, ಅದನ್ನು 'ಸರಿ' ಮಾಡಿದರು. ನಾಲ್ಕು ಗಂಟೆ ನಡೆಯುವ ಪದಕ್ಕೆ ಆರಂಭ ಮುಕ್ತಾಯ ಇಟ್ಟರು. ಇದೆಲ್ಲ ದುರುದ್ದೇಶದಿಂದ ಆದದ್ದಲ್ಲ. ಆದರೂ ಐವತ್ತು ವರ್ಷ ಅದನ್ನೇ ಕೇಳಿದ ಮೇಲೆ, ಮದುವೆ ಮನೆಯಲ್ಲಿ ಊರು ಎಬ್ಬಿಸುತ್ತಿದ್ದ ಹೆಂಗಸು ಮೈಕು ಕಂಡ ಕೂಡಲೇ ದನಿ ತಗ್ಗಿಸುತ್ತಾಳೆ. ತನ್ನ ಹಾಡಿನ ಒಳ್ಳೆಯ ರೂಪ ಬೇರೆಲ್ಲೋ ಇದೆ ಎಂದು ಅವಳಿಗೆ ಗೊತ್ತುಮಾಡಿಸಲಾಗಿದೆ. ನಮಗೆ ಇಷ್ಟವಾದ ಸಂಗೀತವೇ ಈ ಕೆಲಸ ಮಾಡಿದೆ ಎನ್ನುವುದು ಬರೆಯಲು ಕಷ್ಟದ ಮಾತು, ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಮುಂದಿನದನ್ನು ಬೇಗ ಹೇಳಬಹುದು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಅನಂತಸ್ವಾಮಿ ಧಾಟಿ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು. ಹಾಡು ಬಾನುಲಿಯ ಹೊತ್ತಿಗೆ ಕಾಯುವುದನ್ನು ಬಿಟ್ಟಿತು. ಅಶ್ವತ್ಥರು ಶಿಶುನಾಳ ಷರೀಫರನ್ನು ಕ್ಯಾಸೆಟ್ಟಿಗೆ ತಂದಾಗ ಏಕತಾರಿಯ ತತ್ವಪದ ಆಟೋ, ಹೋಟೆಲು, ಜಾತ್ರೆಗೆಲ್ಲ ಹಬ್ಬಿತು. ಅಲ್ಲಿ ನವಿರು ಮುರಿದು ಅಶ್ವತ್ಥರ ಎದೆದನಿ ಮತ್ತೆ ಎದ್ದು ನಿಂತದ್ದನ್ನು ಗಮನಿಸಬೇಕು. ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ರೇಡಿಯೋ ಸಿಟಿ ಶುರುವಾಯಿತು. ಖಾಸಗಿ ಎಫ್‌ಎಂಗಳು ಬಹುಪಾಲು ಸಿನಿಮಾ ಹಾಡಿಗೇ ಒಲಿದವು. ಉಪಗ್ರಹದಿಂದ ಬರುತ್ತಿದ್ದ ವರ್ಲ್ಡ್‌ಸ್ಪೇಸ್‌ನಲ್ಲಿ 'ಸ್ಪರ್ಶ' ಎಂಬ ಕನ್ನಡ ವಾಹಿನಿ ಇತ್ತು. ಚಂದಾ ಕಟ್ಟಬೇಕು, ಬೇರೆಯೇ ರೇಡಿಯೋ ಕೊಳ್ಳಬೇಕು, ನಮ್ಮೂರುಗಳಿಗೆ ಅದು ಬರಲೇ ಇಲ್ಲ. 2009ರ ಕೊನೆಯ ದಿನ ಅದೂ ಬಂದಾಯಿತು. ಬೆಂಗಳೂರು ಆಕಾಶವಾಣಿ 2016ರ ಗಣರಾಜ್ಯೋತ್ಸವದಂದು ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದ 'ರಾಗಂ' ವಾಹಿನಿ ತೆರೆಯಿತು. ಒಳ್ಳೆಯದೇ. ಆದರೆ ಪ್ರತಿ ಬಗೆಗೂ ಒಂದೊಂದು ವಾಹಿನಿ ಆದಾಗ, ಆರಿಸದೆ ಕೇಳಿ ಕಿವಿ ಬೆಳೆಯುವ ಆ ಹಳೆಯ ದಾರಿ ಮುಚ್ಚುತ್ತದೆ. ಮಧ್ಯಮ ತರಂಗದ ಪ್ರಸಾರಕಗಳು ದೇಶದ ಹಲವು ಕಡೆ ಒಂದೊಂದಾಗಿ ನಿಲ್ಲುತ್ತಿವೆ. ಆಕಾಶವಾಣಿಯನ್ನು ಈಗ ಫೋನಿನ ಆ್ಯಪ್‌ನಲ್ಲಿ ಕೇಳಬಹುದು, ಹೊಸ ಧಾಟಿ ಹಾಕಿ ತಿಂಗಳ ಸಂಬಳ ಪಡೆಯುವ ನಿಲಯ ಕಲಾವಿದರು ಮಾತ್ರ ಬೆರಳೆಣಿಕೆ.

ಸಮುದಾಯ ಬಾನುಲಿಗಳ ಮೇಲೆ ನಮಗೆ ಆಸೆಯಿತ್ತು, ಈಗಲೂ ಇದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾದಾಗ ಹಳ್ಳಿಯವರು ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿಯೇ ಇರಲಿಲ್ಲ, ಕೇಬಲ್ ತಂತಿಯಲ್ಲಿ ದನಿ ಹರಿಸಿದರು. ಸಂಘ ಸಂಸ್ಥೆಗಳಿಗೆ ಪರವಾನಗಿ ಕೊಡುವ ನೀತಿ 2006ರಲ್ಲಿ ಬಂತು, ಮರುವರ್ಷ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬಾನುಲಿ ಶುರುವಾಯಿತು. ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಳತೆಯ ಈ ನಿಲಯಗಳಿಗೆ ಧ್ವನಿಪರೀಕ್ಷೆಯ ಶ್ರೇಣಿ ಇಲ್ಲ, ಹದಿನೈದು ನಿಮಿಷದ ಕಟ್ಟಳೆ ಇಲ್ಲ. ಇಲ್ಲಿ ಅಜ್ಜಿ ತನ್ನ ಥರವೇ ಹಾಡಬಹುದಲ್ಲ?

ನಾವು ರೆಕಾರ್ಡ್ ಮಾಡಿ ತಂದ ಎರಡು ಫೈಲುಗಳನ್ನು ನಿಲಯದಲ್ಲಿ ಕೂತು ಕೇಳಿದೆವು. ಎರಡನೆಯದರಲ್ಲಿ ದನಿ ಒಡೆದಿತ್ತು, ಬೀದಿಯಾಚೆಯ ಅಜ್ಜಿಯ ಸೊಲ್ಲು ಅರ್ಧ ಕೇಳಿಸುತ್ತಿತ್ತು, ನಡುವೆ ಒಂದು ಕೋಳಿ. ಪ್ರಸಾರಕ್ಕೆ ಆಗುವುದಿಲ್ಲ ಎಂದು ತೀರ್ಮಾನಿಸಿದವರು ಬೇರೆ ಯಾರೂ ಅಲ್ಲ, ನಾವೇ. ಗಾಳಿಗೆ ಹೋದದ್ದು 'ರೇಡಿಯೋ ಥರ'ದ್ದು. ಅಜ್ಜಿ ತಮ್ಮ ಮನೆಯಲ್ಲಿ ಕೇಳಿ, ಚೆನ್ನಾಗಿ ಬಂದಿದೆ ಅಂತ ಫೋನು ಮಾಡಿಸಿದ್ದರು. ಇನ್ನೊಂದು ಫೈಲು ನಮ್ಮ ಹಳೆಯ ಪೆನ್‌ಡ್ರೈವಿನಲ್ಲಿದೆ. ಮುಂದಿನ ಮಾಗಿಯಲ್ಲಿ ಮದುವೆಗಳು ಶುರುವಾದಾಗ ಮೈಕನ್ನು ಅಜ್ಜಿಯಿಂದ ಹತ್ತು ಅಡಿ ದೂರ ಇಟ್ಟು ಮತ್ತೆ ಹೋಗಬೇಕು ಎಂದುಕೊಂಡಿದ್ದೇವೆ.